ನಾಲ್ಕು ಧೋತರದ ಗುರುತು

ಬಾಗಲಕೋಟೆಯ ನವನಗರದ ಚಹಾದಂಗಡಿಯಲ್ಲಿ ಕೂತರೆ ವಾರಕ್ಕೊಬ್ಬರಾದರೂ ಕೇಳುತ್ತಾರೆ: "ಏನ್ರಿ ಸರ, ವಿಮಾನದಾಗಿಂದ ಜಿಗೀತಿದ್ರಿ ಅಂತಲ್ಲ, ಅಂಜಿಕಿ ಬರ್ತಿದ್ದಿಲ್ಲೇನ್ರಿ?" ಮೊದಮೊದಲು ಕೂರಿಸಿಕೊಂಡು ವಿವರಿಸುತ್ತಿದ್ದೆ. ಈಗ ಕೈಲಾಗುವುದಿಲ್ಲ. "ಬರ್ತಿತ್ರಿ" ಎಂದು ಹೇಳಿ, ಕಪ್ಪು ಕೆಳಗಿಟ್ಟು ಎದ್ದುಬಿಡುತ್ತೇನೆ. ನಿಜವೇನೆಂದರೆ ನಾನು ಜೀವಮಾನದಲ್ಲಿ ಒಂದು ಸಲವೂ ಜಿಗಿದವನಲ್ಲ. ಜಿಗಿಯುವವರನ್ನು ಹೊತ್ತೊಯ್ಯುವ ವಿಮಾನದಲ್ಲಿ ಹಿಂದಿನ ಬಾಗಿಲು ತೆಗೆಯುವವನು, ಮತ್ತೆ ಹಾಕುವವನು. ಇಪ್ಪತ್ತು ವರ್ಷ ಮಾಡಿದ್ದು ಅದನ್ನೇ.

ಸೇನೆಯಲ್ಲಿ ಪ್ಯಾರಾಚೂಟ್ ಪ್ರದರ್ಶನಕ್ಕೆಂದೇ ಒಂದು ತಂಡ ಇರುತ್ತದೆ. ಊರೂರಿನ ಮೈದಾನಗಳ ಮೇಲೆ ಬಣ್ಣದ ಕೊಡೆ ಬಿಚ್ಚಿಕೊಂಡು, ಕಾಲಿಗೆ ಹೊಗೆ ಕಟ್ಟಿಕೊಂಡು ಇಳಿಯುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ, ಹಾರ ಹಾಕುತ್ತಾರೆ, ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರನ್ನು ಅಲ್ಲಿ ತಂದು ಬಿಟ್ಟ ವಿಮಾನ ಎತ್ತ ಹೋಯಿತು ಎಂದು ಯಾರೂ ಕತ್ತೆತ್ತಿ ನೋಡುವುದಿಲ್ಲ. ನೋಡಬೇಕು ಎಂದು ನಾನೇನೂ ಹೇಳುತ್ತಿಲ್ಲ. ನೋಡುವಂಥ ಚಂದವೂ ಅದಕ್ಕಿರಲಿಲ್ಲ.

ನಮ್ಮದು ಸಾಮಾನು ಸಾಗಿಸುವ ವಿಮಾನ. ದಪ್ಪ ಹೊಟ್ಟೆ, ಬೆನ್ನ ಮೇಲೆ ರೆಕ್ಕೆ, ರೆಕ್ಕೆಯ ಮೇಲೆ ಎರಡು ದೊಡ್ಡ ಪಂಖ. ಹಿಂಭಾಗದಲ್ಲಿ ಒಂದು ಅಗಲವಾದ ಬಾಗಿಲು. ಗುಂಡಿ ಒತ್ತಿದರೆ ಅದು ಸರಿದು ಹೊಟ್ಟೆಯ ಅಡಿಗೆ ಹೋಗುತ್ತದೆ, ಆಗ ಕಾಲ ಬುಡದಲ್ಲೇ ಆಕಾಶ. ಇದೇ ವಿಮಾನ ಸೋಮವಾರ ಗುಡ್ಡಗಾಡಿನ ಸೈನಿಕರಿಗೆ ಬಟಾಟೆ ಚೀಲ, ಸೀಮೆಎಣ್ಣೆ ಡ್ರಮ್ಮು ಒಯ್ದಿರುತ್ತದೆ. ಭಾನುವಾರ ಪ್ರದರ್ಶನಕ್ಕೆ ಹೊರಡುತ್ತದೆ. ನಡುವೆ ಗುಡಿಸುವುದು ನಾನು. ಎಷ್ಟು ಗುಡಿಸಿದರೂ ಮೂಲೆಯಲ್ಲಿ ಬಟಾಟೆಯ ಮಣ್ಣು ಉಳಿದೇ ಉಳಿಯುತ್ತಿತ್ತು. ಬೇಸಿಗೆಯಲ್ಲಿ ನೆಲದ ಮೇಲಿದ್ದಾಗ ಒಳಗೆ ಬೆನ್ನು ಬೇಯುವಷ್ಟು ಶೆಕೆ, ಮೇಲೆ ಹೋಗಿ ಬಾಗಿಲು ತೆಗೆದರೆ ಹಲ್ಲು ಕಟಕಟಿಸುವಷ್ಟು ಚಳಿ. ಸದ್ದಂತೂ ಕೇಳಲೇಬೇಡಿ. ನನ್ನ ಎಡಗಿವಿ ಆ ವಿಮಾನಕ್ಕೇ ಹೋಯಿತು. ಈಗ ಹೆಂಡತಿ ಏನಾದರೂ ಹೇಳಬೇಕಾದರೆ ಬಲಕ್ಕೆ ಬಂದು ಹೇಳುತ್ತಾಳೆ. ಬೈಯುವುದಿದ್ದರೂ ಬಲಕ್ಕೇ ಬರುತ್ತಾಳೆ, ಆ ವಿಷಯದಲ್ಲಿ ಆಕೆ ತಪ್ಪುವುದಿಲ್ಲ.

ಕೆಲಸದ ಕ್ರಮ ಹೀಗೆ. ತಂಡದ ಹಿರಿಯ ತೆರೆದ ಬಾಗಿಲ ಅಂಚಿನಲ್ಲಿ ಬೋರಲು ಮಲಗಿ ಕೆಳಗೆ ನೋಡುತ್ತಾನೆ. ಮೈದಾನದಲ್ಲಿ ಬಿಳಿ ಬಟ್ಟೆಯನ್ನು ಅಡ್ಡ-ಉದ್ದ ಹಾಸಿ ಗುರುತು ಮಾಡಿರುತ್ತಾರೆ. ಅದು ಕಂಡರೆ ಆತ ಹೆಬ್ಬೆರಳನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತಾನೆ. ಆ ಸದ್ದಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ನಿಂತ ನಾನು ಅದನ್ನು ನೋಡಿ, ಕಿವಿಗೆ ಹಾಕಿಕೊಂಡ ಫೋನಿನಲ್ಲಿ ಪೈಲಟನಿಗೆ ಹೇಳುತ್ತೇನೆ: ಬಲಕ್ಕೆ ಐದು ಡಿಗ್ರಿ, ಇನ್ನೂ ಐದು, ಸರಿ. ಆಮೇಲೆ ಅವರು ಒಬ್ಬೊಬ್ಬರೇ ನನ್ನ ಮುಂದೆ ಹಾದು ಬೀಳುತ್ತಾರೆ. ನಾನು ಎಣಿಸುತ್ತೇನೆ. ಕೆಳಗೆ ಕೊಡೆ ಬಿಚ್ಚಿದ್ದನ್ನೂ ಎಣಿಸುತ್ತೇನೆ. ಹೋದವರು ಹನ್ನೆರಡಾದರೆ ಕೊಡೆಯೂ ಹನ್ನೆರಡು ಕಾಣಬೇಕು. "ಹನ್ನೆರಡು ಕೊಡೆ" ಎಂದು ಪೈಲಟನಿಗೆ ಹೇಳಿಯೇ ಬಾಗಿಲು ಹಾಕಬೇಕು. ಆಮೇಲೆ ಖಾಲಿ ವಿಮಾನ. ಮದುವೆ ಮುಗಿದ ಮಾರನೇ ದಿನದ ಮನೆಯಲ್ಲಿ ಒಬ್ಬನೇ ಕೂತಂತೆ ಅಲ್ಲಿ ಕೂತು ವಾಪಸಾಗುತ್ತಿದ್ದೆ.

ಇನ್ನು ನಮ್ಮ ಊರಿನ ಮಾತು. ನಮ್ಮ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಬಾಗಲಕೋಟೆಯ ಹತ್ತಿರವೇ ಎತ್ತರದ ಜಾಗದಲ್ಲಿ ಪುನರ್ವಸತಿಯ ಹೊಸ ಊರು ಕಟ್ಟಿಕೊಟ್ಟರು. ಸಾಮಾನು ಹೊತ್ತು ಹೊಸ ಮನೆಗೆ ಬಂದದ್ದು ಅವ್ವ ಮತ್ತು ನನ್ನ ಹೆಂಡತಿ. ಅಪ್ಪ ಅದಕ್ಕಿಂತ ಮೊದಲೇ ತೀರಿಕೊಂಡಿದ್ದ. ನಾನು ಆಗಲೂ ಎಲ್ಲೋ ಬಾಗಿಲು ತೆಗೆಯುತ್ತಿದ್ದೆ. ಮೊದಲ ಸಲ ರಜೆಗೆ ಬಂದಾಗ ಮನೆಯೇ ಸಿಗಲಿಲ್ಲ. ಎಲ್ಲ ಓಣಿಗಳೂ ಸರಿಗೆರೆ ಎಳೆದಂತೆ, ಎಲ್ಲ ಮನೆಗಳೂ ಒಂದೇ ಅಳತೆ. ಚೀಲ ಹಿಡಿದು ಬೇರೆ ಯಾರದೋ ಮನೆಗೆ ನುಗ್ಗಿ "ಅವ್ವಾ" ಎಂದು ಕೂಗಿದೆ. ಒಳಗಿನಿಂದ ಬಂದ ಹೆಂಗಸು ನಕ್ಕು ಮೂರನೇ ಓಣಿ ತೋರಿಸಿದಳು. ಅವ್ವ ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದಳು: "ಮುಗಲಿನ್ಯಾಗ ಹಾದಿ ಹುಡುಕತಾನ ನನ್ನ ಮಗ, ನೆಲದ ಮ್ಯಾಲೆ ಮನಿ ಸಿಗವಲ್ತು ಅಂವಗ."

ಅವ್ವ ನಾನು ಜಿಗಿಯುತ್ತೇನೆ ಎಂದೇ ನಂಬಿದ್ದಳು. ನಮಗೂ ಬೆನ್ನಿಗೆ ಪ್ಯಾರಾಚೂಟ್ ಕಟ್ಟಿರುತ್ತಾರೆ, ಆಪತ್ತಿಗೆ ಇರಲಿ ಎಂದು. ಹಾಗೆ ಕಟ್ಟಿಕೊಂಡು ತೆಗೆಸಿದ ಒಂದು ಫೋಟೋ ಕಳಿಸಿದ್ದೆ. ಅದನ್ನು ಗೋಡೆಗೆ ಹಾಕಿ ಬಂದವರಿಗೆಲ್ಲ ತೋರಿಸಿ, "ಕೊಡಿ ಹಿಡಕೊಂಡು ಇಳೀತಾನ" ಎನ್ನುತ್ತಿದ್ದಳು. ನಾನು ತಿದ್ದಲಿಲ್ಲ. ಬಾಗಿಲು ಕಾಯುವವನು ಎಂದು ಯಾವ ಮಗ ತಾಯಿಗೆ ಹೇಳುತ್ತಾನೆ? ಹೆಂಡತಿಗೆ ಗೊತ್ತಿತ್ತು. ಅವಳು ಒಳಗೆ ಹೋಗಿ ನಗುತ್ತಿದ್ದಳು.

ಒಂದು ವರ್ಷ ನಮ್ಮ ತಂಡಕ್ಕೆ ಬಾಗಲಕೋಟೆಯ ಪ್ರದರ್ಶನ ಬಂತು. ಆಗ ನಾನು ಮನೆ ಮುಖ ನೋಡಿ ಎರಡು ವರ್ಷವಾಗಿತ್ತು. ಎರಡು ದೀಪಾವಳಿ ತಪ್ಪಿದ್ದವು. ರಜೆ ಕೇಳಿದಾಗಲೆಲ್ಲ "ಈ ಕಾರ್ಯಕ್ರಮ ಮುಗಿಯಲಿ" ಎನ್ನುತ್ತಿದ್ದರು. ಕಾರ್ಯಕ್ರಮ ಎಲ್ಲಿ ಮುಗಿಯುತ್ತದೆ? ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಸಂಜೆ ಅವ್ವ ಹೆಂಡತಿಯ ಫೋನಿನಿಂದ ಮಾತಾಡಿದಳು. ಆ ದಿನ ನಾಲ್ಕು ಸಲ ಹತ್ತಿ ಇಳಿದಿದ್ದೆವು. ತಲೆ ಸಿಡಿಯುತ್ತಿತ್ತು, ಕಿವಿಯಲ್ಲಿ ಇನ್ನೂ ಪಂಖ ತಿರುಗುತ್ತಿತ್ತು.

"ಯಪ್ಪಾ, ನಿಮ್ಮ ವಿಮಾನ ಬಾಗಲಕೋಟಿಗೆ ಬರತೈತಿ ಅಂತಲ್ಲ, ಖರೇನು?"

"ಖರೆ ಅವ್ವ. ಬರೂ ಐತವಾರ."

"ನಮ್ಮ ಮನಿ ಮ್ಯಾಲೆ ಬರತೈತೇನು?"

"ಬರಬಹುದು."

"ಮನಿ ಗುರ್ತು ಸಿಗತೈತಿ ನಿನಗ?"

"ಮ್ಯಾಲಿಂದ ಎಲ್ಲಾ ಒಂದ ಥರ ಕಾಣತಾವವ್ವ. ಕೆಳಗ ಬಿಳಿ ಅರಿಬಿ ಹಾಸಿರತಾರ. ದವಾಖಾನಿ ಬೋರ್ಡಿನ ಮ್ಯಾಲೆ ಗುರ್ತು ಇರತೈತಲ್ಲ, ಹಂಗ. ಅದು ಎಲ್ಲಿರತೈತಿ ಅಲ್ಲೇ ಇಳೀತಾರ. ಮನಿ-ಗಿನಿ ಯಾರೂ ನೋಡೂದಿಲ್ಲ."

"ಎಷ್ಟ ದೊಡ್ದು ಇರತೈತಿ?"

"ಧೋತರದಷ್ಟು ಉದ್ದ ಅನ್ನು. ಇಡತೇನಿ ಅವ್ವ, ಸಾಕಾಗೇತಿ ನನಗ."

ಇಟ್ಟುಬಿಟ್ಟೆ. ಸ್ನಾನ ಮಾಡಿ ಮಲಗಿದೆ. ಅವ್ವ ಇಷ್ಟು ಯಾಕೆ ಕೇಳಿದಳು ಎಂದು ಕ್ಷಣವೂ ಯೋಚಿಸಲಿಲ್ಲ. ದಣಿದವನ ಬಾಯಿಗೆ ಲಗಾಮು ಇರುವುದಿಲ್ಲ ಎನ್ನುತ್ತಾರೆ. ನನಗೆ ಕಿವಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆವು. ಬಾದಾಮಿಯ ಕೆಂಪು ಗುಡ್ಡಗಳ ಮೇಲೆ ಎತ್ತರ ಹಿಡಿಯುತ್ತ ಎರಡು ಸುತ್ತು ಹಾಕಿದೆವು. ಬನಶಂಕರಿಯ ಹೊಂಡ ಅಂಗೈಯಷ್ಟು ಕಂಡಿತು. ಒಳಗೆ ಬೆಂಚುಗಳ ಮೇಲೆ ಹನ್ನೆರಡು ಜನ, ಎದುರು-ಬದುರು. ಅವರೂ ದಣಿದಿದ್ದರು, ಎರಡು ವಾರದಲ್ಲಿ ಅದು ಐದನೇ ಊರು. ಬಾಗಲಕೋಟೆಯ ಕಡೆ ಮುಖ ಮಾಡಿದಾಗ ನಾನು ಬಾಗಿಲು ತೆಗೆದೆ. ಹಿರಿಯ ಅಂಚಿನಲ್ಲಿ ಮಲಗಿದ. ಮಬ್ಬು ಮುಸುಕಿತ್ತು. ಮೈದಾನದ ಸುತ್ತ ಬಿಳಿ ಶಾಮಿಯಾನ, ಬಿಳಿ ಕಾರುಗಳು, ಎಲ್ಲವೂ ಕಲಸಿಹೋಗಿ ಅಲ್ಲಿ ಹಾಸಿದ ಗುರುತು ಯಾವುದೆಂದು ತಿಳಿಯುವಂತಿರಲಿಲ್ಲ. ಆದರೆ ಅದಕ್ಕಿಂತ ಈಚೆ, ಹಿನ್ನೀರಿನ ದಂಡೆಗೆ, ಒಂದು ಖಾಲಿ ಜಾಗದಲ್ಲಿ ಬಿಳಿಯ ಗುರುತು ಎದ್ದು ಕಾಣುತ್ತಿತ್ತು. ಅಡ್ಡ, ಉದ್ದ, ಅಚ್ಚುಕಟ್ಟಾಗಿ.

ಹಿರಿಯನ ಹೆಬ್ಬೆರಳು ಬಲಕ್ಕೆ ತಿರುಗಿತು. "ಬಲಕ್ಕೆ ಐದು" ಎಂದೆ. ಮತ್ತೆ ತಿರುಗಿತು. "ಬಲಕ್ಕೆ ಐದು" ಎಂದೆ. ವಿಮಾನ ವಾಲಿ ನೆಟ್ಟಗಾಯಿತು. ಆತ ಕೈ ಎತ್ತಿದ. ಹನ್ನೆರಡು ಜನ ಎದ್ದು ನಿಂತು ಬಾಗಿಲ ಕಡೆ ಸರಿದರು. ಗಾಳಿಯ ದಿಕ್ಕು ತೋರಿಸಲು ಕೆಳಗಿನ ಮೈದಾನದಲ್ಲಿ ಹೊಗೆ ಹಚ್ಚಬೇಕಾದದ್ದು ನಾವು ಇನ್ನಷ್ಟು ಹತ್ತಿರ ಬಂದ ಮೇಲೆ. ಅದಕ್ಕೂ ಮೊದಲೇ ಇವರು ಜಿಗಿಯುವವರಿದ್ದರು.

ಆಗ ನಾನು ಸುಮ್ಮನೆ ಕೆಳಗೆ ಬಗ್ಗಿ ನೋಡಿದೆ. ಸರಿಗೆರೆ ಎಳೆದ ಓಣಿಗಳು. ತುದಿಗೆ ನೀರಿನ ಟಾಕಿ. ಟಾಕಿಯಿಂದ ಮೂರನೇ ಓಣಿ. ಓಣಿಯ ಹಿಂದೆ ಬಯಲು ಜಾಗ, ಅದರ ಮಗ್ಗುಲಿಗೇ ದೊಡ್ಡ ಕರೆಂಟಿನ ತಂತಿ, ತಂತಿ ದಾಟಿದರೆ ನೀರು. ಬಿಳಿ ಗುರುತಿನ ನಾಲ್ಕು ತುದಿಗೂ ಒಂದೊಂದು ಚುಕ್ಕೆ. ಗಾಳಿಗೆ ಹಾರದಿರಲಿ ಎಂದು ಮೇಲೆ ಕೂತ ಹೆಂಗಸರು. ಧೋತರದಷ್ಟು ಉದ್ದ ಎಂದು ಹೇಳಿದ್ದವನು ನಾನೇ.

ಫೋನಿನಲ್ಲಿ "ಬೇಡ, ಬೇಡ, ಜಿಗಿತ ಬೇಡ" ಎಂದು ಕೂಗಿ, ಎರಡೂ ಕೈ ಅಡ್ಡ ಚಾಚಿ ಹಿರಿಯನ ಮುಂದೆ ನಿಂತೆ. ಕೆಂಪು ದೀಪ ಹತ್ತಿತು. ಮೊದಲನೆಯವನ ಬೂಟು ಅಂಚಿಗೆ ಎರಡು ಹೆಜ್ಜೆ ದೂರವಿತ್ತು. ಹಿರಿಯ ಎದ್ದು ನನ್ನ ಅಂಗಿ ಹಿಡಿದುಕೊಂಡ. ಅವನ ಕಿವಿಗೆ ಬಾಯಿ ಇಟ್ಟು ಹಿಂದಿಯಲ್ಲಿ ಅರಚಿದೆ: ಅದು ಮೈದಾನದ ಗುರುತಲ್ಲ, ನಮ್ಮ ತಾಯಿ ಹಾಸಿದ್ದು. ಆತ ನನ್ನ ಮುಖ ನೋಡಿದ. ನಾನು ಕುಡಿದಿದ್ದೇನೆ ಎಂದುಕೊಂಡನೋ ಏನೋ. ಅದನ್ನೇ ಪೈಲಟನಿಗೂ ಹೇಳಬೇಕಾಯಿತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ವಿಮಾನ ಸುತ್ತು ಹಾಕಿ ಮತ್ತೆ ಬಂತು. ಈ ಸಲ ಮೈದಾನದಲ್ಲಿ ಕಿತ್ತಳೆ ಬಣ್ಣದ ಹೊಗೆ ಎದ್ದಿತ್ತು. ಹನ್ನೆರಡೂ ಜನ ಹೋದರು. ಹನ್ನೆರಡು ಕೊಡೆ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಬಾಗಿಲು ಹಾಕುವ ಹೊತ್ತಿಗೆ ವಿಮಾನ ಮತ್ತೆ ಆ ಬಯಲಿನ ಮೇಲೆ ತಿರುಗಿತು. ಗುರುತು ಇನ್ನೂ ಇತ್ತು. ನಾಲ್ಕು ಚುಕ್ಕೆಗಳಲ್ಲಿ ಒಂದು ಎದ್ದು ನಡುವೆ ಬಂದು ನಿಂತಿತ್ತು. ನಾನು ಕೈ ಎತ್ತಿದೆ. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ವಿಚಾರಣೆಯಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಗದದ ಮೇಲೆ ಬರೆಸಿಕೊಂಡರು: ಗುರುತಿನ ವಿವರ ಮನೆಯವರಿಗೆ ಹೇಳಿದ್ದು ಯಾಕೆ? ದಣಿದಿದ್ದೆ ಎಂದು ಬರೆಯಲು ಬರುತ್ತದೆಯೇ? ತಿಳಿಯದೆ ಹೇಳಿದೆ ಎಂದು ಬರೆದೆ. ಪ್ರದರ್ಶನದ ಹಾರಾಟದಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಪ್ರದರ್ಶನದ ದಿನ ಸಂಜೆಯೇ ಅವ್ವನ ಫೋನು ಬಂದಿತ್ತು.

"ಕಂಡಿತೇನು ಯಪ್ಪಾ?"

ಕಂಡಿತು ಎಂದರೆ ಉಳಿದದ್ದನ್ನೂ ಹೇಳಬೇಕು. ನೀನು ಹಾಸಿದ ಬಟ್ಟೆ ನಂಬಿ ಹನ್ನೆರಡು ಜನ ತಂತಿಗೋ ನೀರಿಗೋ ಬೀಳುತ್ತಿದ್ದರು ಎಂದು ಆ ಮುದುಕಿಗೆ ಹೇಗೆ ಹೇಳುವುದು? "ಏನ ಅವ್ವ? ಏನೂ ಕಾಣಲಿಲ್ಲ. ಮಬ್ಬಿತ್ತು" ಎಂದೆ. "ಸಣ್ಣದಾತೇನೋ ಮತ್ತ" ಎಂದು ಫೋನು ಸೊಸೆಗೆ ಕೊಟ್ಟಳು. ಅವಳಿಗೆ ಮಾತ್ರ ನಡೆದದ್ದನ್ನು ಹೇಳಿದೆ.

ಉಗ್ರಾಣಕ್ಕೆ ಹಾಕಿದ್ದರಿಂದ ಒಂದು ಲಾಭವಾಯಿತು, ಎರಡು ವರ್ಷ ಸಿಗದ ರಜೆ ಎರಡು ತಿಂಗಳಲ್ಲಿ ಸಿಕ್ಕಿತು. ಹೆಂಡತಿ ಆಗ ಇಳಕಲ್ಲಿನ ತವರಿನಲ್ಲಿದ್ದಳು. ಅಲ್ಲಿಗೇ ಹೋಗಿ ಅವಳನ್ನು ಕರೆದುಕೊಂಡು ಬಸ್ಸು ಹತ್ತಿದೆ. ಅವಳು ನನ್ನ ಬಲಕ್ಕೇ ಕೂತಳು. ಹುನಗುಂದ ದಾಟಿತು. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ತಂದೆ. ಆಗ ಹೇಳಿದಳು.

"ಅತ್ತಿ ದೊಡ್ಡದು ಹೊಲ್ಯಾಕ ಹತ್ಯಾರ್ರಿ."

"ಏನು ದೊಡ್ಡದು?"

"ಗುರ್ತು. ಮಾವನ ಎರಡು ಜೋಡಿ ಧೋತರ ಹಾಸಿದ್ರು ಆವತ್ತು. ಟ್ರಂಕಿನ್ಯಾಗ ಹಂಗ ಮಡಿಚಿಟ್ಟಿದ್ದವು. ಅದು ಸಣ್ಣದಾತು ಅಂತ ಈಗ ಸಕ್ಕರಿ ಚೀಲದ ಅರಿಬಿ ಕೂಡಿಸಿ ಹೊಲ್ಯಾಕ ಹತ್ಯಾರ. ಮುಂದಿನ ಸಲ ವಿಮಾನ ಬಂದ್ರ ತಪ್ಪಬಾರದಂತ."

ಕರದಂಟಿನ ಪೊಟ್ಟಣ ತೊಡೆಯ ಮೇಲೆ ಹಾಗೇ ಇತ್ತು. ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಮುಂದಿನ ಸಲ ಆ ಬಾಗಿಲಲ್ಲಿ ನಾನಿರುತ್ತೇನೆ ಎಂದು ಏನು ಖಾತ್ರಿ? ಬೇರೆ ಯಾವನೋ ಇದ್ದು, "ಬಲಕ್ಕೆ ಐದು" ಎಂದು ಹೇಳುತ್ತ ಜಿಗಿಯುವವರನ್ನು ನೆಟ್ಟಗೆ ತಂತಿಯ ಮೇಲೆ ಕೆಡವುತ್ತಾನೆ. "ನೀ ಖರೆ ಸಂಗತಿ ಹೇಳಲಿಲ್ಲೇನು ಅವ್ವಗ?" ಎಂದು ಹೆಂಡತಿಯ ಮೇಲೆ ರೇಗಿದೆ.

"ನೀವ ಹೇಳ್ರಿ" ಎಂದಳು. "ನಿಮಗ ಅವರೂ ಏನೋ ಹೇಳೂದೈತಿ."

ಮನೆ ಮುಟ್ಟಿದಾಗ ಮಧ್ಯಾಹ್ನ. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ದಬ್ಬಣದಿಂದ ಹೊಲಿಯುತ್ತಿದ್ದಳು. ಬಿಳಿ ಬಟ್ಟೆ ಅವಳ ಮಂಡಿಯಿಂದ ಹೊಸ್ತಿಲ ತನಕ ಬಿದ್ದುಕೊಂಡಿತ್ತು. ಅಪ್ಪನ ಧೋತರದ ಅಂಚು ನಡುವೆ ಕಾಣುತ್ತಿತ್ತು. ನನ್ನನ್ನು ನೋಡಿ, "ಬಂದಿ? ಈ ಸಲ ಮನಿ ಸಿಕ್ತಲ್ಲ" ಎಂದಳು. ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಕಂಡಿತ್ತು ಎಂದೆ. ಎಲ್ಲರಿಗೂ ಕಂಡಿತ್ತು, ಅದೇ ತೊಂದರೆಯಾಯಿತು ಎಂದೆ. ತಂತಿ, ನೀರು, ಕೆಂಪು ದೀಪ, ಉಗ್ರಾಣ, ಒಂದನ್ನೂ ಬಿಡಲಿಲ್ಲ.

ಅವ್ವನ ಕೈ ನಿಂತಿತು. "ಎಷ್ಟ ಮಂದಿ ಇದ್ರು?"

"ಹನ್ನೆರಡು."

"ಹನ್ನೆರಡೂ ಮಂದಿ ನೆಟ್ಟಗ ಇಳದ್ರ?"

"ಹನ್ನೆರಡೂ, ಅವ್ವ. ನಾನ ಎಣಿಸೇನಿ."

"ಅವರನ್ನ ಹಡದಾಕಿ ಹೊಟ್ಟಿ ತಣ್ಣಗಿರ್ಲಿ" ಎಂದಳು. ದಬ್ಬಣವನ್ನು ತಿರುಗಿಸಿ, ಹೊಲಿದ ದಾರವನ್ನು ಒಂದೊಂದೇ ಎಳೆ ಬಿಚ್ಚತೊಡಗಿದಳು. ಎರಡು ತಿಂಗಳ ಕೆಲಸ. ನನಗೆ ನೋಡಲಾಗಲಿಲ್ಲ. ಸಮಾಧಾನವಾಗಲಿ ಎಂದು, "ನಾ ನಿನ್ನ ನೋಡಿದೆ ಅವ್ವ, ಕೈ ಎತ್ತಿದೆ. ನೋಡ್ಲಿ ಅಂತ ತಾನ ಹಾಸಿದ್ದಿ, ನೋಡಿದೆ" ಎಂದೆ.

ಅವ್ವ ತಲೆ ಎತ್ತಿದಳು. "ನೋಡ್ಲಿ ಅಂತ ಯಾರು ಹಾಸಿದ್ರು? ಇಳೀಲಿ ಅಂತ ಹಾಸಿದ್ದೆ. ಅದು ಎಲ್ಲಿರತೈತಿ ಅಲ್ಲೇ ಇಳೀತಾರ ಅಂತ ನೀನ ಹೇಳಿದ್ದಿ. ಎರಡು ವರ್ಸ ಆಗಿತ್ತು ಮಾರಿ ನೋಡಿ. ಇಳದು ಉಂಡು ಹೋಗ್ಲಿ ಅಂತ ಹೋಳಿಗಿ ಮಾಡಿದ್ದೆ. ಸಂಜೀತನಾ ಗಂಗಾಳ ಮುಚ್ಚಿಟ್ಟಿದ್ದೆ."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಗಲಿಲ್ಲ.

ಗೋಡೆಯ ಮೇಲೆ ಪ್ಯಾರಾಚೂಟ್ ಕಟ್ಟಿಕೊಂಡ ನನ್ನ ಫೋಟೋ. ಅದರ ಕಡೆ ಬೆನ್ನು ಮಾಡಿಯೇ ಹೇಳಿದೆ: "ಅವ್ವ, ನಾ ಜಿಗಿಯೂದಿಲ್ಲ. ಒಂದಿನಾನೂ ಜಿಗಿದಿಲ್ಲ. ಜಿಗಿಯಾವ್ರು ಬ್ಯಾರೆ. ನಂದು ಬರೇ ಬಾಗಲಾ ತಗಿಯೂ ಕೆಲಸ."

ಅವ್ವ ಫೋಟೋ ನೋಡಿದಳು, ನನ್ನನ್ನು ನೋಡಿದಳು. ಸಿಟ್ಟೂ ಇಲ್ಲ, ಅಚ್ಚರಿಯೂ ಇಲ್ಲ. ದಾರದ ಇನ್ನೊಂದು ಎಳೆ ಎಳೆದು ಪಕ್ಕಕ್ಕಿಟ್ಟಳು.

"ಬಾಗಲಾ ತಗಿಯಾಂವಗ ಇಳ್ಯಾಕ ಏನ ಧಾಡಿ?"

ಧೋತರ ಮಡಿಚುತ್ತ, ನನಗೆ ಊಟಕ್ಕೆ ಹಾಕಲು ಸೊಸೆಗೆ ಹೇಳಿದಳು.